ಉತ್ತರ: ಪುಸ್ತಕದ ಫೋಟೊದಲ್ಲಿ ಒಳ ಅಂಚಿನ ಸಾಲು ಬಾಗುವುದಕ್ಕೆ

ಹೊಲಿಗೆಯ ಹತ್ತಿರ ಹಾಳೆ ಉಬ್ಬುವುದೇ ಕಾರಣ, ನಿಮ್ಮ ಫೋನ್ ಅಲ್ಲ. ಮಂಡ್ಯದ ಮನೆಯ ತಾತನ ಪುಸ್ತಕಗಳಲ್ಲಿ ಒಳ ಅಂಚಿನ ಸಾಲುಗಳಷ್ಟೇ ಬಾಗಿ ಓಸಿಆರ್ (ಫೋಟೊದಲ್ಲಿನ ಅಕ್ಷರ ಗುರುತಿಸಿ ಪಠ್ಯ ಮಾಡುವ ಕೆಲಸ) ಕೆಡುತ್ತಿದೆ ಅಂದಿರಲ್ಲ, ಅದು ಈ ಉಬ್ಬಿನದೇ ಗುರುತು.

ಪುಸ್ತಕವನ್ನು ಪೂರ್ತಿ ಬಿಚ್ಚಿ ಒತ್ತಬೇಡಿ, ದಯವಿಟ್ಟು. ಹಳೆಯ ಹೊಲಿಗೆ ಕಿತ್ತುಬರುತ್ತದೆ. ಸುಮಾರು 100 ಡಿಗ್ರಿ ತೆರೆದು ಎಡ ರಟ್ಟಿಗೆ ಇಟ್ಟಿಗೆಯ ಆಸರೆ ಕೊಡಿ, ಬಲ ಹಾಳೆ ಮೇಜಿನ ಮೇಲೆ ಮಲಗಿರಲಿ. ಫೋಟೊಗೆ ಕಟ್ಟು ಹಾಕುವ ಅಂಗಡಿಯಲ್ಲಿ 4 ಮಿ.ಮೀ. ಗಾಜನ್ನು ಹಾಳೆಯ ಅಳತೆಗೆ ಕತ್ತರಿಸಿ, ಅಂಚು ಉಜ್ಜಿಸಿ ತಂದು ಮೇಲಿಡಿ. ಗಾಜಿನ ಅಂಚು ಹೊಲಿಗೆಗೆ ತಾಗುವವರೆಗೂ ಹೋಗಬೇಕು, ಎಲ್ಲ ಇರುವುದು ಅಲ್ಲೇ. ಫೋನ್ ಸ್ಟ್ಯಾಂಡಿನಲ್ಲಿ, ನೇರ ಮೇಲೆ. ಬೆಳಕು ಕಿಟಕಿಯ ಪಕ್ಕದಿಂದ ಬರಲಿ. ತಲೆಯ ಮೇಲೆ ಟ್ಯೂಬ್‌ಲೈಟ್ ಇದ್ದರೆ ಗಾಜಿನಲ್ಲಿ ಬಿಳಿ ಪಟ್ಟೆ ಬಿದ್ದು ಎರಡು ಮೂರು ಸಾಲು ಮಾಯ.

ಬಲಪುಟಗಳನ್ನೆಲ್ಲ ಮುಗಿಸಿ, ಪುಸ್ತಕ ತಿರುಗಿಸಿಟ್ಟು ಎಡಪುಟ ತೆಗೆಯಿರಿ. ಕಡತಗಳಿಗೆ ಪುಟಸಂಖ್ಯೆಯನ್ನೇ ಹೆಸರಿಟ್ಟರೆ ಕ್ರಮ ತಾನಾಗಿ ಕೂಡುತ್ತದೆ.

ಪುಟದ ಚಿತ್ರ ಸರಿಪಡಿಸುವ ತಂತ್ರಾಂಶ ಸ್ಕ್ಯಾನ್‌ಟೈಲರ್‌ನಲ್ಲಿ ತಲೆಕೆಳಗಾದ ಫೋಟೊಗಳನ್ನು ತಿರುಗಿಸಿ, ಓರೆ ಸರಿಪಡಿಸಿ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಉಳಿಸಿ. ಆಮೇಲೆ ಓಸಿಆರ್ ಮಾಡುವ ತಂತ್ರಾಂಶ ಟೆಸರಾಕ್ಟ್‌ಗೆ ಕನ್ನಡದ ಭಾಷಾ ಕಡತ ಬೇರೆಯಾಗಿ ಹಾಕಬೇಕು. ಅಚ್ಚುಮೊಳೆಯ ಪುಸ್ತಕದಲ್ಲಿ ‘ಮ’ ಹೋಗಿ ‘ವು’, ‘ಧ’ ಹೋಗಿ ‘ಥ’ ಆಗಬಹುದು, ಒತ್ತಕ್ಷರವೂ ಬಿಟ್ಟುಹೋಗಬಹುದು. ಹಾಗಾಗಿ ಮೊದಲು 10 ಪುಟ ಮಾಡಿ, ಓದಿ ತಿದ್ದಿ ನೋಡಿ. ಮೂಲ ಫೋಟೊಗಳನ್ನು ಮಾತ್ರ ಅಳಿಸಬೇಡಿ.