ಹಿತ್ತಲಲ್ಲಿ ಮೀನು, ಜಲ್ಲಿಯಲ್ಲಿ ಸೊಪ್ಪು

ಪ್ರಶ್ನೆ: ಹಾಸನದಲ್ಲಿ ನಮ್ಮ ಮನೆ ಹಿಂದೆ 10x12 ಅಡಿ ಜಾಗ ಖಾಲಿ ಇದೆ. ಕಬ್ಬಿಣದ ಪಂಜರದೊಳಗಿನ 1000 ಲೀಟರಿನ ಹಳೇ ಬಿಳಿ ಟ್ಯಾಂಕ್ ಗುಜರಿಯಲ್ಲಿ ಸಿಕ್ಕಿದೆ. ಕೆಳಗೆ ಜಿಲೇಬಿ ಮೀನು, ಮೇಲೆ ಸೊಪ್ಪು ಎಂದು, ಮೀನಿನ ನೀರನ್ನೇ ಗಿಡಕ್ಕೆ ಹರಿಸುವ ಅಕ್ವಾಪೋನಿಕ್ಸ್ ಮಾಡುವ ಆಸೆ. ಎಲ್ಲಿಂದ ಶುರು ಮಾಡಲಿ? ಎಷ್ಟು ಮೀನು ಬಿಡಬಹುದು?

ಉತ್ತರ: ಮೊದಲು ಆ ಟ್ಯಾಂಕಿನಲ್ಲಿ ಹಿಂದೆ ಏನಿತ್ತು ಎಂದು ಗುಜರಿಯವರನ್ನು ವಿಚಾರಿಸಿ. ಅಡುಗೆ ಎಣ್ಣೆ, ಸಕ್ಕರೆ ಪಾಕ, ಹಣ್ಣಿನ ರಸ ಆಗಿದ್ದರೆ ತೊಳೆದು ಬಳಸಬಹುದು. ಆಲೂಗೆಡ್ಡೆ ಹೊಲಕ್ಕೆ ಔಷಧಿ ಕಲಸಿದ್ದು, ಮೈಲುತುತ್ತ ನೆನೆಹಾಕಿದ್ದು, ಅಥವಾ ಏನಿತ್ತೆಂದೇ ಗೊತ್ತಿಲ್ಲದ್ದು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಜಿಲೇಬಿ ಮೀನಿನ ಆಸೆ ಬಿಡಿ. ಅಕ್ವಾಪೋನಿಕ್ಸ್ ಬಗ್ಗೆ ಬರೆದವರೆಲ್ಲ ‘ಬೆಚ್ಚನೆಯ ಹವೆಗೆ ತಿಲಾಪಿಯಾ’ ಎನ್ನುತ್ತಾರೆ, ಅಂದರೆ ಇದೇ ಜಿಲೇಬಿ. ಆದರೆ ಹಾಸನ, ಚಿಕ್ಕಮಗಳೂರು ಎರಡೂ 3000 ಅಡಿಗಿಂತ ಮೇಲಿವೆ. ಏಪ್ರಿಲ್ ಬಿಸಿಲು ನೋಡಿ ಲೆಕ್ಕ ಹಾಕಿದವರಿಗೆ ಪೆಟ್ಟು ಬೀಳುವುದು ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ. ನೀರು 18 ಡಿಗ್ರಿಗಿಂತ ಕೆಳಗಿಳಿದರೆ ತಿಲಾಪಿಯಾ ಮೇವು ಬಿಡುತ್ತದೆ, ರೋಗ ಹತ್ತುತ್ತದೆ. ಅದನ್ನು ಸಾಕಲು ಅನುಮತಿಯೂ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ನಿಷೇಧಿತ ಮೀನು, ಯಾರು ತಂದುಕೊಡುತ್ತೇನೆಂದರೂ ಒಪ್ಪಬೇಡಿ. ನಮ್ಮ ಕಡೆಯ ಚಳಿಗೆ ಒಗ್ಗುವುದು ಸಾಮಾನ್ಯ ಗೆಂಡೆ, ಅಂದರೆ ಕಾಮನ್ ಕಾರ್ಪ್. ಮಳೆಗಾಲದಲ್ಲಿ ಎರಡು ಮೂರು ಇಂಚಿನ ಮರಿ ಸಿಗುತ್ತದೆ. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ಹೇಳಿಡಿ.

ಟ್ಯಾಂಕನ್ನು ಮೇಲಿನಿಂದ 35 ಸೆಂ.ಮೀ. ಅಳತೆಗೆ ಕೊಯ್ಯಿಸಿ. ಮೇಲಿನ ತುಂಡನ್ನು ಮಗುಚಿದರೆ ಅದೇ ಗಿಡದ ತೊಟ್ಟಿ. ಕೆಳಗಿನದರಲ್ಲಿ ಸುಮಾರು 600 ಲೀಟರ್ ನೀರು ನಿಲ್ಲುತ್ತದೆ. ಬಿಳಿ ಪ್ಲಾಸ್ಟಿಕ್ ಬೆಳಕು ಬಿಡುವುದರಿಂದ ವಾರದಲ್ಲೇ ಪಾಚಿ ಕಟ್ಟುತ್ತದೆ, ಹೊರಗಿನಿಂದ ಕಪ್ಪು ಬಣ್ಣ ಬಳಿದು ಅದರ ಮೇಲೆ ಬಿಳಿ ಹೊಡೆಯಿರಿ. ಬಾಯಿಗೆ ಬಲೆ ಕಟ್ಟಿ. ಗೆಂಡೆ ಹಾರುತ್ತದೆ, ಮಿಂಚುಳ್ಳಿಯೂ ಬಿಡುವುದಿಲ್ಲ.

ತೊಟ್ಟಿಗೆ 20 ಎಂ.ಎಂ. ಜಲ್ಲಿ 30 ಸೆಂ.ಮೀ. ಎತ್ತರಕ್ಕೆ, ಸುಮಾರು 13 ಘನ ಅಡಿ ಬೇಕು. ಜಲ್ಲಿ, ನೀರು ಸೇರಿ 600 ಕಿಲೋಗೂ ಹೆಚ್ಚು ಭಾರ ಬರುವುದರಿಂದ ಮರದ ಸ್ಟ್ಯಾಂಡ್ ನಂಬಬೇಡಿ, ಕಾಂಕ್ರೀಟ್ ಬ್ಲಾಕ್ ಕಟ್ಟಿ. ಒಂದು ಜಲ್ಲಿಕಲ್ಲಿನ ಮೇಲೆ ವಿನೆಗರ್ ಬಿಟ್ಟು ನೋಡಿ. ನೊರೆ ಬಂದರೆ ಸುಣ್ಣದ ಕಲ್ಲು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ, ಕಡಿಮೆಯಾದಷ್ಟೂ ಹುಳಿ) ಇಳಿಯಲು ಬಿಡುವುದಿಲ್ಲ. ಕಪ್ಪು ಗ್ರಾನೈಟ್ ಜಲ್ಲಿಗೆ ಆ ತೊಂದರೆಯಿಲ್ಲ, ಆದರೆ ಕ್ರಷರ್ ಪುಡಿ ಮೆತ್ತಿರುತ್ತದೆ. ತೊಳೆದ ನೀರು ತಿಳಿಯಾಗುವ ತನಕ, ಬಾಂಡ್ಲಿ ಬಾಂಡ್ಲಿಯಾಗಿ ತೊಳೆಯಿರಿ. ಬೇಸರದ ಕೆಲಸ, ಆದರೆ ಇಲ್ಲಿ ಕಳ್ಳಾಟ ಆಡಿದರೆ ಆ ಕೆಸರು ಪಂಪಿಗೆ ಹೋಗುತ್ತದೆ.

ತೊಟ್ಟಿಯಲ್ಲಿ ನೀರು ಏರಿ ಇಳಿಯಲು, ತುಂಬಿದೊಡನೆ ತಾನೇ ಖಾಲಿ ಮಾಡುವ ಬೆಲ್ ಸೈಫನ್ ಎಂಬ ಉಪಾಯ ಎಲ್ಲರೂ ಹೇಳುತ್ತಾರೆ. ಹರಿವು ಕಡಿಮೆಯಾದರೆ ಅದು ಶುರುವಾಗುವುದಿಲ್ಲ, ಹೆಚ್ಚಾದರೆ ನಿಲ್ಲುವುದಿಲ್ಲ. ಮೊದಲ ಸಲ ಮಾಡುವವರಿಗೆ ಟೈಮರೇ ವಾಸಿ. ತೊಟ್ಟಿಯ ತಳದಿಂದ 25 ಸೆಂ.ಮೀ. ಎದ್ದು ನಿಲ್ಲುವ 1 ಇಂಚಿನ ಪಿವಿಸಿ ಪೈಪ್ ಕೂರಿಸಿ, ಅದರ ಬುಡದಲ್ಲಿ 6 ಎಂ.ಎಂ.ನ ಮೂರು ತೂತು ಕೊರೆಯಿರಿ. ಸುತ್ತ ತೂತು ಮಾಡಿದ 4 ಇಂಚಿನ ಪೈಪ್ ಇಟ್ಟರೆ ಜಲ್ಲಿ ಒಳಗೆ ಬರುವುದಿಲ್ಲ. ಪಂಪಿನ ಡಬ್ಬದ ಮೇಲೆ ಗಂಟೆಗೆ 2000 ಲೀಟರ್ ಎಂದಿರಲಿ, ಅಷ್ಟು ಎತ್ತರಕ್ಕೆ ಏರಿಸುವಾಗ ಅರ್ಧ ಬಂದರೆ ಹೆಚ್ಚು. 15 ನಿಮಿಷದ ಪಿನ್ನುಗಳಿರುವ ಗಡಿಯಾರದ ಟೈಮರಿನಲ್ಲಿ ಒಂದು ಪಿನ್ ಆನ್, ಮೂರು ಆಫ್. ನೀರು ತೊಟ್ಟಿ ತುಂಬಿ, ಉಳಿದ ಹೊತ್ತಿನಲ್ಲಿ ತೂತುಗಳಿಂದ ಇಳಿದುಹೋಗುತ್ತದೆ. ಮೇಲಿನ 5 ಸೆಂ.ಮೀ. ಜಲ್ಲಿ ಸದಾ ಒಣಗಿರಬೇಕು. ಪ್ಲಗ್ ಪಾಯಿಂಟಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇಲ್ಲದೆ ನೀರಿಗೆ ಪಂಪ್ ಇಳಿಸಬೇಡಿ.

ಕರೆಂಟ್ ಹೋದಾಗ ಸೊಪ್ಪು ಒಂದು ದಿನ ತಾಳುತ್ತದೆ, ಮೀನು ತಾಳುವುದಿಲ್ಲ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಗೆ 5 ವಾಟಿನ ಗಾಳಿ ಪಂಪ್ ಜೋಡಿಸಿದರೆ ಒಂದು ರಾತ್ರಿ ಕಳೆಯಬಹುದು.

ಈಗ ಎಲ್ಲರೂ ಅವಸರ ಮಾಡುವ ಜಾಗ. ಮೀನು ಹೊರಹಾಕುವ ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗಬೇಕು. ಮೊದಲೆರಡೂ ಮೀನಿಗೆ ವಿಷ, ಮೂರನೆಯದು ಸೊಪ್ಪಿಗೆ ಊಟ. ಈ ಕೆಲಸದ ಬ್ಯಾಕ್ಟೀರಿಯಾ ಜಲ್ಲಿಯ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಚಳಿಗಾಲದಲ್ಲಿ ಇನ್ನೂ ಹೆಚ್ಚು. ನಲ್ಲಿ ನೀರಾದರೆ ಎರಡು ದಿನ ಗಾಳಿ ಬಿಟ್ಟು ಕ್ಲೋರಿನ್ ಕಳೆಯಿರಿ. ಆಮೇಲೆ ಲ್ಯಾಬ್ ಸಾಮಾನಿನ ಅಂಗಡಿಯಿಂದ ಶುದ್ಧ ಅಮೋನಿಯಂ ಕ್ಲೋರೈಡ್ ತನ್ನಿ. ಕಲಾಯಿ ಹಾಕುವವರ ನವಸಾಗರ ಎಂದರೆ ಇದೇ, ಆದರೆ ಅವರ ಗಡ್ಡೆ ಬೇಡ, ಕಲಬೆರಕೆ ಇರಬಹುದು. 5 ಗ್ರಾಂ ಕರಗಿಸಿದರೆ 600 ಲೀಟರ್ ನೀರಿನಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯಾ ಲೆಕ್ಕ. ಹನಿ ಹಾಕಿ ನೋಡುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಇಳಿದಾಗಲೆಲ್ಲ ಮತ್ತೆ ಅಷ್ಟೇ ಹಾಕಿ. ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ದಿನ ಮರಿ ತನ್ನಿ.

ಎಷ್ಟು ಮರಿ ಎಂಬುದನ್ನು ಟ್ಯಾಂಕ್ ನೋಡಿ ಅಲ್ಲ, ತೊಟ್ಟಿ ನೋಡಿ ಹೇಳಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರ ಕೈಪಿಡಿಯಲ್ಲಿ ಸೊಪ್ಪಿಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಮೇವು ಎಂದು ಲೆಕ್ಕ ಕೊಟ್ಟಿದೆ. ನಿಮ್ಮ ತೊಟ್ಟಿ 1.2 ಚದರ ಮೀಟರ್, ಅಂದರೆ ಸುಮಾರು 55 ಗ್ರಾಂ. ಬೆಳೆದ ಮೀನು ತೂಕದ ನೂರಕ್ಕೆ ಎರಡು ಪಾಲು ತಿನ್ನುತ್ತದೆ ಎಂದರೆ ಮೂರು ಕಿಲೋದೊಳಗಿನ ಮೀನು ಸಾಕು. 12 ಮರಿ ಬಿಡಿ. ಐವತ್ತು ಬಿಡುವ ಆಸೆ ಬರುತ್ತದೆ, ತಡೆಯಿರಿ. ಮರಿಗಳು ಚಿಕ್ಕವಿರುವಾಗ ಗೊಬ್ಬರವೂ ಕಡಿಮೆ, ಅರ್ಧ ತೊಟ್ಟಿಗಷ್ಟೇ ಪಾಲಕ್, ಹರಿವೆ, ಒಂದೆಲಗ ಹಾಕಿ. ಪುದೀನ, ಕೆಸು ಚೆನ್ನಾಗಿ ಬರುತ್ತವೆ, ಆದರೆ ಬೇರು ಪೈಪಿನ ತೂತು ಮುಚ್ಚುತ್ತದೆ, ಮೂಲೆಯಲ್ಲಿಡಿ. ಮೇವು ತೇಲುವ ಪೆಲೆಟ್ ಇರಲಿ, ಹತ್ತು ನಿಮಿಷದಲ್ಲಿ ಮುಗಿಯುವಷ್ಟು, ದಿನಕ್ಕೆರಡು ಸಲ. ಕೆರೆ ಮೀನಿಗೆ ಹಾಕುವ ತೌಡು, ಕಡಲೆಕಾಯಿ ಹಿಂಡಿ ಇಲ್ಲಿ ತಳ ಸೇರಿ ಕೊಳೆಯುತ್ತದೆ.

ಚಳಿಗಾಲದ ರಾತ್ರಿ ತಣ್ಣನೆ ಜಲ್ಲಿಯ ಮೇಲೆ ಹರಿದ ನೀರು ಇನ್ನಷ್ಟು ತಣ್ಣಗಾಗುತ್ತದೆ. ಹತ್ತರಿಂದ ಆರರ ತನಕ ಎರಡು ಗಂಟೆಗೊಂದು ಪಿನ್ ಮಾತ್ರ ಇರಲಿ, ಗಾಳಿ ಪಂಪ್ ನಿಲ್ಲಿಸಬೇಡಿ. ಕರೆಂಟ್ ಹೋದಾಗ ಟೈಮರಿನ ಗಡಿಯಾರವೂ ನಿಲ್ಲುತ್ತದೆ, ಬಂದ ಮೇಲೆ ಸರಿಮಾಡಿ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೂ ಇಂಥದ್ದೇ 600 ಲೀಟರಿನ ವ್ಯವಸ್ಥೆ. ಜುಲೈ ಮಳೆ ಹಿಡಿದ ಮೇಲೆ ಮೀನು ತಿನ್ನುವುದು ಬಿಟ್ಟಿವೆ. ಪಿಎಚ್ 5.8, ಅಮೋನಿಯಾ 4. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸಿದ್ದರಿಂದಲೋ? ಸುಣ್ಣ ಹಾಕಲೇ?

ಉತ್ತರ: ಇವತ್ತು ಸುಣ್ಣ ಹಾಕಬೇಡಿ. ಬೋರ್ಡೋದಲ್ಲಿರುವ ತಾಮ್ರ ಮೀನಿಗೆ ಕಡು ವಿಷ, ಸಿಂಪಡಿಸುವಾಗ ಟ್ಯಾಂಕ್ ಮುಚ್ಚಲೇಬೇಕು. ಆದರೆ ನೀವು ಕೊಟ್ಟ ಅಂಕಿಗಳು ಮಳೆ ನೀರನ್ನು ತೋರಿಸುತ್ತಿವೆ. ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ನೀರು ಹುಳಿಯಾಗುತ್ತದೆ. ಆ ಹುಳಿ ತಡೆಯುವ ಕ್ಷಾರಾಂಶ ಮಲೆನಾಡಿನ ಮೆದು ನೀರಿನಲ್ಲಿ ಮೊದಲೇ ಕಡಿಮೆ, ಮಳೆ ಅದನ್ನೂ ತೊಳೆದಿದೆ. ಪಿಎಚ್ 6ಕ್ಕಿಂತ ಇಳಿದಾಗ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ನಿಂತುಹೋಗಿ ಅಮೋನಿಯಾ ಏರಿದೆ. ಮೀನು ಬದುಕಿರುವುದು ಆ ಹುಳಿಯಿಂದಲೇ: ಕಡಿಮೆ ಪಿಎಚ್‌ನಲ್ಲಿ ಅಮೋನಿಯಾ ಅಷ್ಟಾಗಿ ಸುಡದ ರೂಪದಲ್ಲಿರುತ್ತದೆ. ಪಿಎಚ್ 7ರಿಂದ 8ಕ್ಕೆ ಹೋದರೆ ಸುಡುವ ಪಾಲು ಹತ್ತು ಪಟ್ಟಾಗುತ್ತದೆ. ಹಿಡಿ ಸುಣ್ಣ ಎರಚಿದರೆ ಸಂಜೆಗೆ ಮೀನು ಹೊಟ್ಟೆ ಮೇಲೆ ಮಾಡುತ್ತವೆ.

ಮೇವು ನಿಲ್ಲಿಸಿ, ಗಾಳಿ ಹೆಚ್ಚಿಸಿ. ಬಾವಿ ಅಥವಾ ಬೋರ್‌ವೆಲ್ ನೀರಿನಿಂದ ಮೂರನೇ ಒಂದು ಪಾಲು ಬದಲಿಸಿ, ಮಾರನೇ ದಿನವೂ ಅಷ್ಟೇ. ಅಮೋನಿಯಾ 1ಕ್ಕೆ ಇಳಿದ ಮೇಲೆ ದಿನಕ್ಕೆ 15 ಗ್ರಾಂ ಅಡುಗೆ ಸೋಡಾ ಬಕೆಟ್ಟಿನಲ್ಲಿ ಕರಗಿಸಿ ಹಾಕುತ್ತಾ ಪಿಎಚ್ 6.5 ಮುಟ್ಟಿಸಿ. ಸೋಡಾ ತುರ್ತಿಗಷ್ಟೇ, ಅದರ ಸೋಡಿಯಂ ಗಿಡಕ್ಕೆ ಆಗದು. ಮುಂದಕ್ಕೆ ಬಲೆ ಚೀಲದಲ್ಲಿ ಒಂದು ಕಿಲೋ ಪುಡಿ ಮಾಡಿದ ಕಪ್ಪೆಚಿಪ್ಪು ತೂಗುಹಾಕಿ, ಹುಳಿ ಏರಿದಷ್ಟೂ ತಾನೇ ಕರಗುತ್ತದೆ. ಮೇಲೆ ಪಾರದರ್ಶಕ ಶೀಟ್ ಹೊದಿಸಿ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮ 600 ಲೀಟರಿನ ಟ್ಯಾಂಕಿನ ಟೊಮೆಟೊಗೆ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಮೇವು ಹೆಚ್ಚಿಸಲೇ?

ಉತ್ತರ: ಬೇಡ. ಹಳೇ ಎಲೆ ಹಳದಿಯಾದರೆ ಸಾರಜನಕದ ಕೊರತೆ. ಚಿಗುರು ಹಳದಿಯಾದರೆ ಕಬ್ಬಿಣದ್ದು, ಅದು ಮೀನಿನ ಮೇವಿನಿಂದ ಸಾಕಷ್ಟು ಬರುವುದಿಲ್ಲ. ನೂರಕ್ಕೆ 6 ಕಬ್ಬಿಣವಿರುವ ಇಡಿಡಿಎಚ್‌ಎ ಚಿಲೇಟ್ ಎಂಬ ಕಬ್ಬಿಣದ ಗೊಬ್ಬರ 20 ಗ್ರಾಂ ಕರಗಿಸಿ ಟ್ಯಾಂಕಿಗೆ ಸುರಿಯಿರಿ, ಮೂರು ವಾರಕ್ಕೊಮ್ಮೆ. ನೀರು ಕೆಂಪಾದರೆ ಗಾಬರಿ ಬೇಡ. ಹಳದಿಯಾದ ಎಲೆ ಪೂರ್ತಿ ಹಸಿರಾಗಲಿಕ್ಕಿಲ್ಲ, ಮುಂದೆ ಬರುವ ಚಿಗುರು ನೋಡಿ.