ಸಾಮಾನಿನ ಚೀಟಿಯಿಂದ ಶುರುಮಾಡಿ

ಪ್ರಶ್ನೆ: ಮಗನಿಗೆ 9 ವರ್ಷ, ಎತ್ತರ 138 ಸೆಂ.ಮೀ., ತೂಕ 42 ಕೆ.ಜಿ. ಕತ್ತಿನ ಹಿಂಭಾಗ ಕಪ್ಪಾಗಿದೆ, ಕಡಲೆಹಿಟ್ಟು ಹಚ್ಚಿ ಉಜ್ಜಿದರೂ ಹೋಗುತ್ತಿಲ್ಲ. ಅನ್ನ ಬಿಡಿಸೋಣವೆಂದರೆ ಅತ್ತೆ, ‘ಬೆಳೆಯೋ ಹುಡುಗ, ದೃಷ್ಟಿ ಹಾಕಬೇಡ’ ಎನ್ನುತ್ತಾರೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಉಜ್ಜುವುದನ್ನು ಬಿಡಿ. ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿರುವ ದಪ್ಪ ಮಕ್ಕಳಲ್ಲಿ ಕತ್ತು, ಕಂಕುಳಿನ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುತ್ತದೆ. ಮಕ್ಕಳ ವೈದ್ಯರಿಗೆ ತೋರಿಸಿ. ಸಕ್ಕರೆ, ಕೊಲೆಸ್ಟ್ರಾಲ್, ಲಿವರ್, ಬಿಪಿ ನೋಡಲಿ. ಥೈರಾಯ್ಡ್ ಇರಬಹುದೇ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ಆದರೆ ಹಾರ್ಮೋನಿನ ತೊಂದರೆಯಿಂದ ದಪ್ಪಗಾಗುವ ಮಕ್ಕಳು ಸಾಮಾನ್ಯವಾಗಿ ಕುಳ್ಳಗಿರುತ್ತಾರೆ. ನಿಮ್ಮ ಮಗ ವಯಸ್ಸಿಗೆ ಎತ್ತರವೇ ಇದ್ದಾನೆ.

ಅವನ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 22. ದೊಡ್ಡವರಿಗಾದರೆ ಇದು ಸರಿಯಾದ ಅಂಕಿ, ಹಾಗಾಗಿ ಮೊಬೈಲಿನಲ್ಲಿ ಲೆಕ್ಕ ಹಾಕಿ ನೆಮ್ಮದಿಯಾಗಿರುವ ತಂದೆತಾಯಿಗಳಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 9 ವರ್ಷದ ಹುಡುಗರಿಗೆ ಬೊಜ್ಜಿನ ಗೆರೆ 20.5. ಹಾಗೆಂದು ತೂಕ ಇಳಿಸಲು ಹೋಗಬೇಡಿ, ಇದ್ದಲ್ಲೇ ನಿಲ್ಲಿಸಿ. ವರ್ಷದಲ್ಲಿ ಅವನು 144 ಸೆಂ.ಮೀ. ಆಗಿ ತೂಕ 42ರಲ್ಲೇ ಉಳಿದರೆ ಬಿಎಂಐ ತಾನಾಗಿ 20ರ ಹತ್ತಿರ ಬರುತ್ತದೆ.

ಅನ್ನದ ಮೇಲೆ ಸಿಟ್ಟೇಕೆ? ಲೋಟದ ಕಡೆ ನೋಡಿ. ಎರಡು ಹೊತ್ತು ಹಾಲು, ಪ್ರತಿ ಲೋಟಕ್ಕೆ ಎರಡು ಟೀ ಚಮಚ ಸಕ್ಕರೆ ಎಂದರೆ ಅಲ್ಲೇ ಸುಮಾರು 16–20 ಗ್ರಾಂ. ಈ ವಯಸ್ಸಿಗೆ ಇಡೀ ದಿನಕ್ಕೆ 20 ಗ್ರಾಂ ಸಾಕು. ಮಾಲ್ಟ್ ಪುಡಿಯಲ್ಲಿರುವುದು ಬೇರೆ. ಒಮ್ಮೆಲೇ ನಿಲ್ಲಿಸಿದರೆ ಹುಡುಗ ಹಾಲನ್ನೇ ಬಿಡುತ್ತಾನೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆಗೆ ಗೊತ್ತಾಗುವುದಿಲ್ಲ.

ಎರಡನೆಯದು ಸಂಜೆ ನಾಲ್ಕೂವರೆ. ಶಾಲೆಯಿಂದ ಹಸಿದು ಬಂದವನ ಕೈಗೆ ಮೊದಲು ಸಿಗುವುದು ಬಿಸ್ಕತ್ತಿನ ಡಬ್ಬ. ಅವನು ಬರುವ ಹೊತ್ತಿಗೆ ಒಂದು ಬಟ್ಟಲು ಹೆಸರುಕಾಳಿನ ಉಸುಳಿ, ಒಂದು ಪೇರಲಹಣ್ಣು ಸಿದ್ಧವಿರಲಿ. ಈರುಳ್ಳಿ, ಟೊಮೆಟೊ ಹಾಕಿದ ಮಂಡಕ್ಕಿಯೂ ಆದೀತು. ಜೊತೆಗೆ ಮಿರ್ಚಿ ಮಾತ್ರ ಅಪರೂಪಕ್ಕೆ. (ದಾವಣಗೆರೆಯವರಿಗೆ ಇದು ಕಷ್ಟದ ಮಾತು ಎಂದು ಗೊತ್ತು.) ಡಬ್ಬ ತುಂಬಿಟ್ಟು ‘ನೀನು ಮುಟ್ಟಬೇಡ’ ಎಂದರೆ ಮಗು ಕದ್ದು ತಿನ್ನಲು ಕಲಿಯುತ್ತದೆ. ಚೀಟಿಯಿಂದಲೇ ಚಿಪ್ಸ್, ಜ್ಯೂಸ್ ಹೊಡೆದುಹಾಕಿ. ಅಪ್ಪನಿಗೂ ಅದೇ ನಿಯಮ.

ಮೊಬೈಲ್ ತೋರಿಸುತ್ತ ತುತ್ತು ಕಲಸಿ ಬಾಯಿಗಿಡುವ ಅಭ್ಯಾಸವಿದ್ದರೆ ಇಂದೇ ನಿಲ್ಲಲಿ. ಹೊಟ್ಟೆ ತುಂಬಿದ್ದು ಮಗುವಿಗೆ ತಿಳಿಯುವುದೇ ಇಲ್ಲ. ಅತ್ತೆಯವರೊಂದಿಗೆ ವಾದ ಬೇಡ. ಸಂಜೆಯ ಉಸುಳಿಯನ್ನು ಅವರಿಗೇ ವಹಿಸಿ, ತಿನ್ನಿಸುವ ಆಸೆಯೂ ತೀರುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ಕ್ಯಾಂಟೀನಿನಲ್ಲಿ ಪಫ್ಸ್, ಕೂಲ್‌ಡ್ರಿಂಕ್ಸ್ ಮಾರುತ್ತಾರೆ. ಪಿಟಿ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಪೋಷಕರು ಏನು ಕೇಳಬಹುದು?
– ಓದುಗರು, ಬೆಂಗಳೂರು

ಉತ್ತರ: ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಒಳಗೂ ಮಕ್ಕಳಿಗೆ ಮಾರುವಂತಿಲ್ಲ. ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’ (ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆಯಿದೆ, ಎಷ್ಟು ತಿನ್ನಬಹುದು ಎಂದು ಮಕ್ಕಳಿಗೆ ತಿಳಿಸುವ ಫಲಕ) ಹಾಕಲು ಹೇಳಿದೆ. ಪೋಷಕರ ಸಭೆಯಲ್ಲಿ ನಾಲ್ಕೈದು ಮಂದಿ ಸಹಿ ಮಾಡಿ ಬರವಣಿಗೆಯಲ್ಲೇ ಕೊಡಿ. ಬಾಯಿಮಾತು ಅಲ್ಲೇ ಕರಗುತ್ತದೆ.

ಪಿಟಿ ಮರಳಿ ಸಿಕ್ಕರೂ ನಲವತ್ತು ಮಕ್ಕಳಿಗೆ ಒಂದು ಬ್ಯಾಟು ಕೊಟ್ಟರೆ ಹೆಚ್ಚಿನವರು ನಿಂತೇ ಇರುತ್ತಾರೆ. ನಾಲ್ಕು ಗುಂಪು ಮಾಡಿ ಲಗೋರಿ ಆಡಿಸಲಿ. ಹುಟ್ಟುಹಬ್ಬದ ಚಾಕೊಲೇಟ್ ಕೂಡ ಸಣ್ಣದಲ್ಲ: ನಲವತ್ತು ಮಕ್ಕಳ ತರಗತಿಯಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಬರುತ್ತದೆ. ಬದಲಿಗೆ ಪೆನ್ಸಿಲ್ ಹಂಚಿ. ಇನ್ನೊಂದು, ತರಗತಿಯೆದುರು ತೂಕ ನೋಡಿ ಜೋರಾಗಿ ಓದುವುದನ್ನು ನಿಲ್ಲಿಸಲು ಹೇಳಿ. ‘ಡುಮ್ಮ’ ಎನಿಸಿಕೊಂಡ ಹುಡುಗ ಮೊದಲು ಬಿಡುವುದು ಆಟದ ಮೈದಾನವನ್ನೇ.