ದೇವರಾಜ ಅರಸು ಅವರ ಭೂಸುಧಾರಣೆ ಗೇಣಿದಾರರಿಗೆ ನಿಜಕ್ಕೂ ಹೇಗೆ ತಲುಪಿತು?

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ಭೂಸುಧಾರಣೆ ಕಾಯ್ದೆ ಅದಕ್ಕೂ ಮೊದಲೇ ಇತ್ತು. ಅದಕ್ಕೆ ಹಲ್ಲು ಬಂದದ್ದು ಅವರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂತು. ಉಳುವವನು ಫಾರಂ ನಂಬರ್ 7 ತುಂಬಿ ಅಧಿಭೋಗದ ಹಕ್ಕು, ಅಂದರೆ ತಾನು ಉಳುತ್ತಿದ್ದ ಜಮೀನನ್ನು ತನ್ನ ಹೆಸರಿಗೆ ಪಡೆಯುವ ಹಕ್ಕು, ಕೇಳಬೇಕಿತ್ತು.

ನನ್ನ ಪ್ರಕಾರ ಅರಸರ ಜಾಣ್ಮೆ ಕಾಣುವುದು ಈ ಅರ್ಜಿಗಳನ್ನು ತೀರ್ಮಾನಿಸುತ್ತಿದ್ದ ಭೂ ನ್ಯಾಯಮಂಡಳಿಯ ರಚನೆಯಲ್ಲಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಆರಂಭದಲ್ಲಿ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಹಾಗಾಗಿ ದುಡ್ಡಿದ್ದ ಧಣಿಯೂ ಒಕ್ಕಲೂ ಒಂದೇ ಮೇಜಿನ ಮುಂದೆ ನಿಂತು ತಾವೇ ಮಾತಾಡಬೇಕಾಯಿತು.

ಸೋತವರೂ ಇದ್ದರು. ಬಾಯಿಮಾತಿನ ಗೇಣಿಯವರ ಹೆಸರು ಪಹಣಿಯಲ್ಲಿ ಇಲ್ಲದಿದ್ದರೆ ಸಾಬೀತು ಮಾಡುವುದು ಕಷ್ಟ. ಗಡುವಿನೊಳಗೆ ಅರ್ಜಿ ಹಾಕದವರಿಗೆ ಹಕ್ಕು ತಪ್ಪಿತು. ಗೇಣಿಯೇ ಇಲ್ಲದ ಕೂಲಿಗಳಿಗೆ ಈ ದಾರಿಯಲ್ಲಿ ಹೊಲ ಸಿಗಲಿಲ್ಲ. ಇದು ದೊಡ್ಡ ಕೊರತೆ.

1979ರಲ್ಲಿ ಇಂದಿರಾ ಗಾಂಧಿಯವರಿಂದ ದೂರವಾದ ಅರಸು, 1980ರ ಜನವರಿಯಲ್ಲಿ ಅಧಿಕಾರ ಬಿಟ್ಟರು, 1982ರಲ್ಲಿ ತೀರಿಕೊಂಡರು.